ಅವಿರೋಧ

ಗಡಿಯಾರ ನೋಡುವುದು, ಹೊರಗೆ ಬಂದು ರಸ್ತೆ ನೋಡುವುದು, ಮತ್ತೆ ಒಳಗೆ ಹೋಗಿ ಕೂರುವುದು. ಸಂಘದ ಕಚೇರಿಯಲ್ಲಿ ವಕೀಲ ಸಿದರಾಯನಿಗೆ ಬೆಳಿಗ್ಗೆಯಿಂದ ಇದೇ ಕೆಲಸವಾಗಿತ್ತು. ನಾಮಪತ್ರ ಹಿಂದಕ್ಕೆ ಪಡೆಯಲು ಮೂರು ಗಂಟೆಯೇ ಕೊನೆ. ತಾರವ್ವ ಇನ್ನೂ ಬಂದಿರಲಿಲ್ಲ.

ತೆಲಸಂಗದ ಕುರಿಗಾರರಿಗೊಂದು ಸಹಕಾರ ಸಂಘ ಬೇಕೆಂದು, ಅಥಣಿ ಕೋರ್ಟಿನ ಕೇಸು ಬದಿಗಿಟ್ಟು ಕಚೇರಿ ಕಚೇರಿ ಅಲೆದವನು ಅವನು. ಅಂದಿನಿಂದ ಅವನೇ ಅಧ್ಯಕ್ಷ. ಒಮ್ಮೆಯೂ ಚುನಾವಣೆ ನಡೆದಿರಲಿಲ್ಲ. ಪ್ರತಿ ಸಲ ಹಿರಿಯರು ಬೀರದೇವರ ಗುಡಿಯಲ್ಲಿ ಕೂತು ಹೆಸರು ಗೊತ್ತುಮಾಡುವರು, ಹೆಚ್ಚಾದವರು ಹಿಂದೆ ಸರಿಯುವರು. ನಮ್ಮಲ್ಲಿ ಜಗಳವೇ ಇಲ್ಲ ಎಂದು ಚಿಕ್ಕೋಡಿಯ ಸಭೆಗಳಲ್ಲೆಲ್ಲ ಅವನು ಎದೆಯುಬ್ಬಿಸಿ ಹೇಳುತ್ತಿದ್ದ. ಈ ಸಲ ತಾರವ್ವನದೊಂದು ನಾಮಪತ್ರ ಹೆಚ್ಚಾಗಿ ಕೂತಿತ್ತು.

ತಡೆಯಲಾರದೆ ತಾನೇ ಬೈಕು ಹತ್ತಿದ. ತಾರವ್ವ ಹೊಲದಲ್ಲಿ, ಕುರಿ ತರುಬಿ ನಿಲ್ಲಿಸಿದ ಜಾಗದಲ್ಲಿ ಸಿಕ್ಕಳು. ಹಿರಿಯರ ಮಾತು ಮೀರಬಾರದೆಂದ, ಮುಂದಿನ ಸಲ ನಿನ್ನದೇ ಸರದಿ ಎಂದ. ಕೋರ್ಟಿನಲ್ಲಿ ಎಂದೂ ತಡವರಿಸದ ನಾಲಗೆ ಇಲ್ಲಿ ತಡವರಿಸಿತು.

ಅವಳು ಮರಿಗೆ ಹಾಲು ಕುಡಿಸುತ್ತಿದ್ದಳು. "ಹೋದ ಸಲಾನೂ ಇದನ್ನ ಹೇಳಿದ್ರಿ, ಕಾಕಾ. ಹಿಂದ ಸರದ್ನಿ. ಈಗ ಸರಿಯಾಂಗಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. "ಸೋತ್ರ ನಾ ಸೋಲ್ತೀನಿ. ನಿಮಗ್ಯಾಕ್ರಿ ಅಂಜಿಕಿ?"

ಅಂಜಿಕೆಯಂತೆ! ಸಿದರಾಯನ ಮೈ ಉರಿಯಿತು. ಆದರೆ ಅದು ಅಂಜಿಕೆಯೇ. ಸೋತರೆ ಈ ವಯಸ್ಸಿನಲ್ಲಿ ಯಾವ ಮುಖ ಇಟ್ಟುಕೊಂಡು ಊರಲ್ಲಿ ತಿರುಗುವುದು? ಇಷ್ಟು ವರ್ಷ ಒಬ್ಬರ ಹತ್ತಿರವೂ ಮತ ಕೇಳಿದವನಲ್ಲ, ಹೇಗೆ ಕೇಳಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ.

ವಾಪಸು ಬರುವ ದಾರಿಯಲ್ಲೇ ಮೂರು ದಾಟಿತು. ಇನ್ನು ಚುನಾವಣೆ ತಪ್ಪಿದ್ದಲ್ಲ. ಬೇವಿನ ಮರದ ಕೆಳಗೆ ಮುದುಕ ಭೀಮಸಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಮೊದಲ ದಿನದಿಂದಲೂ ಸಂಘದ ಸದಸ್ಯ. ಸಿದರಾಯ ಬೈಕು ನಿಲ್ಲಿಸಿ ಹೋಗಿ ಎದುರಿಗೆ ನಿಂತ. ಕೈ ಮುಗಿದ, ಇಳಿಸಿದ, ಮತ್ತೆ ಮುಗಿದ.

"ಮಾಮಾ, ಐತವಾರ ಸಂಘದ ಚುನಾವಣಿ ಐತಿ. ನಿಮ್ಮ ಮತಾ ನನಗ ಹಾಕ್ರಿ."

ಚೇಷ್ಟೆ ಇರಬಹುದೇ ಎಂಬಂತೆ ಮುದುಕ ತಲೆಯೆತ್ತಿ ನೋಡಿದ. "ನನಗೂ ಮತಾ ಐತೇನ್ರಿ, ವಕೀಲ್ರ?"

ಸಿದರಾಯ ಮುಗಿದ ಕೈ ಇಳಿಸಿದ. "ಐತಿ," ಎಂದ. "ಮೊದಲಿಂದೂ ಐತಿ."

ಭೀಮಸಿ ಕತ್ತರಿ ಕೆಳಗಿಟ್ಟ. ಎದ್ದು ಕಂಬಳಿ ಕೊಡವಿ ನೆರಳಲ್ಲಿ ಹಾಸಿದ.

"ಹಂಗಾರ ಕುಂಡ್ರರಿ," ಎಂದ. "ನಿಮಗ ಯಾಕ ಹಾಕಬೇಕು, ಹೇಳ್ರಿ."

ಸಿದರಾಯ ಬೂಟು ಬಿಚ್ಚಿ ಕಂಬಳಿಯ ಅಂಚಿಗೆ ಕೂತ.