ಅಕ್ಕನ ಕಣ್ಣಿಗೊಪ್ಪುವ ಆ್ಯಪ್

ಒಂದು ಲೋಟ ಚಹಾ ಆರುವುದರೊಳಗೆ ಒಂಬೈನೂರು ಆ್ಯಪ್‌ಗಳನ್ನು ಇಳಿಸಿ, ಜರಡಿ ಹಿಡಿದು, ಒಂದನ್ನು ಆರಿಸಿದ ಗಂಡು ಈ ಭೂಮಂಡಲದಲ್ಲಿ ಒಬ್ಬನೇ: ಬೀಗ ರಿಪೇರಿಯ ತಮ್ಮ. ಫೋನು ಕಾದು ಕೆಂಡವಾಗಿ, ಎರಡನೇ ಲೋಟ ಅದರ ಮೇಲೆಯೇ ಕುದಿಯಿತಂತೆ.

ಕೆಲಸ ಕೊಟ್ಟವಳು ಅಕ್ಕ. ಪುಸ್ತಕಗಳಿಗೆ ರಟ್ಟು ಕಟ್ಟುವುದು ಆಕೆಯ ಕಸುಬು. ಕಟ್ಟಿದ್ದರ ಫೋಟೋಗಳನ್ನು ಯಜಮಾನನೇ ಇಲ್ಲದ ಒಂದು ಸಾಮಾಜಿಕ ಜಾಲದಲ್ಲಿ ಹಾಕುತ್ತಿದ್ದಳು. ಅಲ್ಲಿ ಸಾವಿರಾರು ಪುಟ್ಟ ತಾಣಗಳು, ಎಲ್ಲಕ್ಕೂ ಪರಸ್ಪರ ಮಾತುಕತೆ; ಯಾವ ಆ್ಯಪಿನಿಂದ ನೋಡುವುದೆಂಬುದು ಅವರವರ ಇಷ್ಟ. ಆಕೆಯ ಆ್ಯಪಿನ ಅಕ್ಷರಗಳೋ, ಸಾಸಿವೆಗಿಂತ ಸಣ್ಣವು.

"ಸಂಜೆಯೊಳಗೆ ಕಣ್ಣಿಗೆ ಕಾಣೋದೊಂದು ಹುಡುಕಿ ಕೊಡು. ಇಲ್ಲಾಂದ್ರೆ ಖಾತೆನೇ ಮುಚ್ಚಿಬಿಡ್ತೀನಿ. ಹೇಗೂ ನೋಡೋರು ಯಾರಿದ್ದಾರೆ?"

ಕೊನೆಯ ಮಾತು ತಮ್ಮನಿಗೆ ಚುಚ್ಚಿತು. ಅಂಗಡಿಯ ಬಾಗಿಲು ಅರ್ಧ ಎಳೆದು ಕೂತ. ಒಂದು ಆ್ಯಪಿನ ಅಕ್ಷರ ಕುಂಬಳಕಾಯಿಯಷ್ಟು, ಆದರೆ ಫೋಟೋ ಅರ್ಧಂಬರ್ಧ. ಇನ್ನೊಂದು, ಫೋಟೋದಲ್ಲಿ ಏನಿದೆಯೆಂದು ಬೀದಿಗೆಲ್ಲ ಕೇಳುವಂತೆ ಓದಿ ಹೇಳಿತು. ಮತ್ತೊಂದರಲ್ಲಿ ಅಕ್ಷರ ನೆಲ್ಲಿಕಾಯಿ ಗಾತ್ರ, ಫೋಟೋನೂ ಇಡಿಯಾಗಿ. ಭಲೇ!

ಬೀಗಕ್ಕೊಂದು ಕೀಲಿಕೈ ಎನ್ನುವುದು ಅವನ ಕಸುಬಿನ ಬುದ್ಧಿ. ಹಾಗಾಗಿ ಆ್ಯಪಿಗೊಂದು ಹೊಸ ಖಾತೆ, ಹೊಸ ಹೆಸರು. ಒಂದೇ ಖಾತೆ ಎಲ್ಲದಕ್ಕೂ ಸಾಕೆಂಬುದು ಹೊಳೆಯಲೇ ಇಲ್ಲ. ಹೋದ ಹೋದ ಕಡೆ ಅಕ್ಕನಿಗೆ ಎರಡು ಒಳ್ಳೆಯ ಮಾತನ್ನೂ ಬರೆದಿಟ್ಟು ಬಂದ.

ಸಂಜೆ ಹೊಸ ಆ್ಯಪನ್ನು ಕನ್ನಡಕವಿಲ್ಲದೆ ಓದಿದ ಅಕ್ಕನ ಮುಖ ಅರಳಿತು.

"ನಾಲ್ಕು ಜನ ಬರೆದಿದ್ದಾರೆ ಕಣೋ! ಕೆಂಪು ಬೆನ್ನಿನ ಪುಸ್ತಕ ಅದ್ಭುತ ಅಂತ ಮೂರು ಜನ..." ಅಲ್ಲಿಗೇ ನಿಂತಳು. "ಅದರ ಫೋಟೋ ನಾನು ಹಾಕೇ ಇಲ್ವಲ್ಲ. ಅಂಟೇ ಇನ್ನೂ ಒಣಗಿಲ್ಲ. ನೋಡಿರೋನು ನೀನೊಬ್ಬನೇ."

"ಒಂಬೈನೂರು ಆ್ಯಪ್ ಸುತ್ತಿದ್ನಲ್ಲಕ್ಕ, ನಿನ್ನ ಕೀರ್ತಿ ಹಾಗೇ..."

"ಎಷ್ಟು?"

"ಮೂರು."

"ಮತ್ತೆ ಆ ಮೂರು ಜನ?"

"ನಾನೇ," ಎಂದು ತಲೆ ಕೆರೆದುಕೊಂಡ.

"ಯಾವ ಅಂಟು ಬಳಸ್ತೀರಿ ಅಂತ ಕೇಳಿರೋ ನಾಲ್ಕನೆಯವರೂ ನೀನೇನಾ?"

"ಅಂಟಿನ ಗಂಧ ಗಾಳಿನೂ ನನಗೆ ಗೊತ್ತಿಲ್ಲ. ಅದು ಮಾತ್ರ ನಾನಲ್ಲಕ್ಕ, ನಿನ್ನಾಣೆ!"

ಕಿವಿ ಹಿಂಡಲು ಎತ್ತಿದ ಕೈ ಇಳಿಯಿತು. ಅಕ್ಕ ಫೋನನ್ನು ಹತ್ತಿರಕ್ಕೆಳೆದುಕೊಂಡು ಆ ಅಪರಿಚಿತರಿಗೆ ಉತ್ತರ ಬರೆಯತೊಡಗಿದಳು. ಎರಡು ಸಾಲು ಬರೆದು, ತಲೆಯೆತ್ತದೆಯೇ ಕೇಳಿದಳು:

"ಫೋನಿನ ಮೇಲೆ ಚಹಾ ಕುದಿಸಿದೆ ಅಂದ್ಯಲ್ಲ, ಅದು?"

"ಒಲೆ ಮೇಲೇ ಅಕ್ಕ."