ಚಕ್ಕಿನಲ್ಲಿ ದುಂಡಗಿದ್ದ ಬಳೆ

ಓದುವವರು ಕ್ಷಮಿಸಬೇಕು. ನನ್ನದು ಸಂಜೆ ಕ್ಲಾಸಿನಲ್ಲಿ ಕಲಿತ ಅಕ್ಷರ. ಕಥೆ ಬರೆಯುವ ಧೈರ್ಯ ಎಲ್ಲಿಂದ ಬಂತೋ ಕಾಣೆ. ಮೇಲಾಗಿ ಇದು ಅರ್ಧ ನನ್ನ ಭಾವನ ವಿಷಯ. ಅವರನ್ನು ಕೇಳದೆ ಬರೆಯುತ್ತಿದ್ದೇನೆ, ಅದೂ ತಪ್ಪೇ ಇರಬೇಕು.

ಮನೆಯ ಮುಂದಿನ ಕೋಣೆಯಲ್ಲಿ ನನ್ನದೊಂದು ಸಣ್ಣ ಲೇತ್ ಇದೆ, ಕಬ್ಬಿಣದ ತುಂಡನ್ನು ತಿರುಗಿಸಿ ಕೊರೆಯುವ ಯಂತ್ರ. ಭಾವನ ಬಟ್ಟೆ ಅಂಗಡಿ ಮುಚ್ಚಿದ ಮೇಲೆ ಅಕ್ಕ ಒಂದು ದಿನ ಬಂದು, "ಅವರಿಗೂ ಸ್ವಲ್ಪ ಕೆಲಸ ಕಲಿಸೋ. ಕೂತು ಕೂತು ಕುಗ್ಗಿ ಹೋಗಿದಾರೆ. ಕನ್ನಡಿ ನೋಡೋದೂ ಬಿಟ್ಟಿದಾರೆ ಕಣೋ," ಎಂದಳು. ಭಾವ ಇಸ್ತ್ರಿ ಮಾಡಿದ ಅಂಗಿಯಲ್ಲೇ ಬಂದರು. ಕಬ್ಬಿಣದ ಚೂರು ಗುಡಿಸುವುದಕ್ಕೂ ಬೇಸರಿಸಲಿಲ್ಲ.

ಮೊದಲ ವಾರದಲ್ಲೇ ಅವರ ಕೈಯಲ್ಲಿ ಒಂದು ತುಂಡು ಚಕ್ಕಿನಿಂದ ಹಾರಿ ಗೋಡೆಗೆ ಬಡಿಯಿತು. ಕೆಲಸದ ತುಂಡನ್ನು ಮೂರು ದವಡೆಗಳಿಂದ ಕಚ್ಚಿ ತಿರುಗಿಸುವುದು ಈ ಚಕ್ಕು. ಅವರು ಅದನ್ನು ಸಡಿಲ ಬಿಟ್ಟಿದ್ದರು. ಯಾರಿಗೂ ತಾಗಲಿಲ್ಲ. ಆದರೆ ಹೆದರಿಕೆಯಲ್ಲಿ ನಾನು ಬಾಯಿಗೆ ಬಂದದ್ದು ಕೂಗಿದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಇದೇನು ಭಾವ, ಗಿರಾಕಿ ಮುಂದೆ ರೇಷ್ಮೆ ಹರವಿದ ಹಾಗೆ ಮುಟ್ತೀರಲ್ಲ! ಜೀವ ಹೋದ್ರೂ ಬಿಡಬಾರದು, ಹಾಗೆ ಬಿಗೀಬೇಕು!"

ಭಾವ ನಕ್ಕರು. ಅಕ್ಕ ನೆಲ ನೋಡಿದಳು.

ಸ್ವಲ್ಪ ದಿನಕ್ಕೆ, ನಮ್ಮ ಬೀದಿಯಲ್ಲಿ ಬಟ್ಟೆ ಒಗೆದುಕೊಡುವ ಲಾಂಡ್ರಿಯಮ್ಮನ ಯಂತ್ರಕ್ಕೆ ಬೇರಿಂಗ್ ಕೂರಿಸುವ ಕಬ್ಬಿಣದ ಬಳೆಯೊಂದು ಬೇಕಾಯಿತು. ತೀರಾ ತೆಳುವಾದ ಬಳೆ. "ನಾನೇ ಮಾಡ್ಲಾ?" ಎಂದರು ಭಾವ. ಅದು ಅವರ ಮೊದಲ ಪೂರ್ತಿ ಕೆಲಸ. ನಾನು ಹೂಂ ಎಂದು, ಹೊರಗೆ ಇನ್ನೊಬ್ಬ ಗಿರಾಕಿಯೊಡನೆ ಮಾತಿಗೆ ನಿಂತೆ. ತೆಳು ಬಳೆಯನ್ನು ಹಿಡಿಯುವ ರೀತಿಯೇ ಬೇರೆ ಎಂದು ಹೇಳಬೇಕಿತ್ತು. ಹೊಳೆಯಲಿಲ್ಲ.

ಭಾವ ಚಕ್ಕು ಬಿಗಿಯುವ ಕೀಲಿಗೆ ಪೈಪು ತೂರಿಸಿ, ಮೈಭಾರ ಹಾಕಿ ಬಿಗಿದರಂತೆ. ಒಳಭಾಗ ಕೊರೆದು, ಬಳೆ ಚಕ್ಕಿನಲ್ಲಿರುವಾಗಲೇ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಬಾರೇ ಇಲ್ಲಿ, ನೋಡು!" ಎಂದು ಅಕ್ಕನನ್ನು ಕರೆದರು. ಅವರ ಅಂಥ ದನಿ ಕೇಳಿ ಎಷ್ಟೋ ಕಾಲವಾಗಿತ್ತು. ನಾನೂ ಒಳಗೆ ಬಂದೆ. ಅಷ್ಟರಲ್ಲಿ ಲಾಂಡ್ರಿಯಮ್ಮನೂ ಬಂದರು.

ಭಾವ ಚಕ್ಕು ಸಡಿಲಿಸಿ, ಬಳೆ ತೆಗೆದು, ಬೇರಿಂಗ್ ಒತ್ತಿದರು. ಕೂರಲಿಲ್ಲ. ತಿರುಗಿಸಿ ಒತ್ತಿದರು. ಊಹೂಂ.

"ಏನಣ್ಣಾ, ಬಾಗಿಲು ಒಂದು ಮನೇದು, ಚೌಕಟ್ಟು ಇನ್ನೊಂದು ಮನೇದಾ?" ಎಂದು ಲಾಂಡ್ರಿಯಮ್ಮ ನಕ್ಕರು.

ನಾನು ಬಳೆ ಇಸಿದುಕೊಂಡು ನೋಡಿದೆ. ಹೊರಮೈಯಲ್ಲಿ ದವಡೆ ಕಚ್ಚಿದ ಮೂರು ಹೊಳೆಯುವ ಗುರುತುಗಳು.

"ಜಾಸ್ತಿ ಬಿಗಿದಿದೀರಿ ಭಾವ. ಹಿಸುಕಿ ಹಿಡಿದು ದುಂಡಗೆ ಕೊರೆದ್ರೆ, ಬಿಟ್ಟ ತಕ್ಷಣ ಬಳೆ ಮೊದಲಿನ ಆಕಾರಕ್ಕೆ ಹೋಗುತ್ತೆ, ತೂತು ಸೊಟ್ಟ ಆಗುತ್ತೆ."

ಭಾವ ನನ್ನ ಮುಖ ನೋಡಿದರು. ಕೋಪವೇನೂ ಇರಲಿಲ್ಲ. "ಜೀವ ಹೋದ್ರೂ ಬಿಡಬಾರದು ಅಂತ ನೀನೇ ಅಂದಿದ್ಯಲ್ಲಪ್ಪಾ."

"ಹೌದಮ್ಮಾ, ತಪ್ಪು ನಂದೇ. ನಾನು ಸರಿಯಾಗಿ ಹೇಳಿಕೊಡ್ಲಿಲ್ಲ," ಎಂದೆ ಲಾಂಡ್ರಿಯಮ್ಮನಿಗೆ.

"ಇರಲಿ ಬಿಡಪ್ಪಾ, ಮನೆಯವರನ್ನ ಬಿಟ್ಟುಕೊಡದೆ ಮಾತಾಡ್ತೀಯಲ್ಲ, ಒಳ್ಳೇದು," ಎಂದರು ಆಕೆ.

ನಾನು ನಿಜ ಹೇಳಿದ್ದೆ. ಅದು ಭಾವನ ಮೇಲೆ ಹೊದಿಸಿದ ಕರುಣೆಯಂತೆ ಕಂಡಿತು. ಅವರ ತಲೆ ಇನ್ನಷ್ಟು ತಗ್ಗಿತು.

ಒಂದು ಕಡೆ ಸೀಳಿದ ಇನ್ನೊಂದು ದಪ್ಪ ಬಳೆಯೊಳಗೆ ಹೊಸ ತುಂಡನ್ನಿಟ್ಟು, ಸುತ್ತಲೂ ಒಂದೇ ಸಮ ಒತ್ತುವಂತೆ ಹಗುರವಾಗಿ ಹಿಡಿದೆವು. ಕೊರೆದದ್ದು ಭಾವನೇ. ಬೇರಿಂಗ್ ಮೆತ್ತಗೆ ಕೂತಿತು. ಲಾಂಡ್ರಿಯಮ್ಮ ನನಗೆ ಕೈಮುಗಿದು ಹೋದರು. ಅಕ್ಕ ಅಷ್ಟರಲ್ಲಿ ಎದ್ದು ಹೋಗಿದ್ದಳು.

ಭಾವ ಈಗಲೂ ಬರುತ್ತಾರೆ, ನನ್ನದೊಂದು ಹಳೇ ಅಂಗಿ ತೊಟ್ಟುಕೊಂಡು. ಕೆಲಸ ಚೊಕ್ಕ. ಆದರೆ ಎಂಥ ತುಂಡನ್ನು ಹಿಡಿದರೂ, ಎಷ್ಟು ಬಿಗಿದರೂ ಕೆಡದ ದಪ್ಪ ಕಬ್ಬಿಣದ ಸರಳಾದರೂ ಸರಿ, ಕೀಲಿಯ ಮೇಲೆ ಕೈಯಿಟ್ಟು, ನನ್ನ ಮುಖ ನೋಡದೆ, "ಇಷ್ಟು ಸಾಕಾ?" ಎನ್ನುತ್ತಾರೆ. ಅಕ್ಕ ಎದುರಿಗಿದ್ದರೂ ಕೇಳುತ್ತಾರೆ.

"ಸಾಕು ಭಾವ," ಎನ್ನುತ್ತೇನೆ.

ಗೊತ್ತಾಗದೆ ಕೇಳುತ್ತಾರೋ, ಅಂದು ಕೂಗಿ ಆಡಿದ ಮಾತನ್ನು ನಾನು ಮರೆಯದಿರಲಿ ಎಂದು ಕೇಳುತ್ತಾರೋ, ನನಗೆ ತಿಳಿದಿಲ್ಲ. ಅವರನ್ನೇ ಕೇಳೋಣವೆಂದರೆ ನನಗೆ ಬಾಯಿಲ್ಲ.