ಕೆಂಪು ಬೆರಳಿನ ಶಿಫಾರಸು

ಹಾಲಸ್ವಾಮಿ ತನ್ನ ಲೈಬ್ರರಿಯ ಎರಡು ಸಾವಿರದ ನಾನೂರು ಪುಸ್ತಕಗಳನ್ನೂ ಮೂರು ಮೂರು ಸಲ ಓದಿದ್ದ. ಒಂದು ಸಲ ಕಥೆಗಾಗಿ, ಒಂದು ಸಲ ತಪ್ಪು ಹುಡುಕಲು, ಇನ್ನೊಂದು ಸಲ ಕೊನೆಯ ಪುಟದಿಂದ ಮೊದಲ ಪುಟಕ್ಕೆ, ಬರೆದವನ ಮನಸ್ಸಿನಲ್ಲಿ ನಿಜವಾಗಿ ಏನಿತ್ತು ಎಂದು ಪತ್ತೆ ಹಚ್ಚಲು. ಮೊದಲ ಮುನ್ನೂರನ್ನು ಒಂದೇ ವಾರದಲ್ಲಿ ಮುಗಿಸಿದ್ದ. ಆ ವಾರ ಊರಿನಲ್ಲಿ ಕರೆಂಟೇ ಇರಲಿಲ್ಲ. ಇಷ್ಟನ್ನೂ ಊರಿಗೆ ತಿಳಿಸಿದವನು ಬೇರೆ ಯಾರೂ ಅಲ್ಲ, ಹಾಲಸ್ವಾಮಿಯೇ.

ಊರಿದ್ದದ್ದು ಸಂಡೂರಿನ ಬಳಿಯ ಯಶವಂತನಗರದಿಂದ ಅರ್ಧ ಗಂಟೆಯ ನಡಿಗೆಯಲ್ಲಿ, ಗುಡ್ಡದ ಬುಡಕ್ಕೆ. ಎರಡು ಸಾವಿರದ ಆರರ ಬೇಸಿಗೆ. ಅದಿರಿನ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿಕೊಂಡು ಹೋಗುತ್ತಿದ್ದವು. ದಿನಕ್ಕೆ ಸಾವಿರ ಇರಬಹುದು. ಹಾಲಸ್ವಾಮಿಯ ಲೆಕ್ಕದಲ್ಲಿ ಹತ್ತು ಸಾವಿರ. ಧೂಳು ಎಂಥದ್ದೆಂದರೆ, ಅಲ್ಲಿ ಬಿಳಿ ಮರಿಯಾಗಿ ಹುಟ್ಟಿದ ಕೋಳಿ ಮೂರನೇ ದಿನಕ್ಕೆ ಕೆಂಪು ಕೋಳಿಯಾಗಿ ಓಡಾಡುತ್ತಿತ್ತು. ಆ ಧೂಳಿನ ನಡುವೆ ಪಂಚಾಯಿತಿಯ ಒಂದು ಕೋಣೆಯಲ್ಲಿ ಲೈಬ್ರರಿ, ಅದರಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ಒಂಬತ್ತು ವರ್ಷದಿಂದ ಹಾಲಸ್ವಾಮಿ.

ಪುಸ್ತಕ ಕೇಳಲು ಬಂದವರನ್ನು ಅವನು ಡಾಕ್ಟರು ರೋಗಿಯನ್ನು ನೋಡಿದ ಹಾಗೆ ನೋಡುತ್ತಿದ್ದ. ಮನೆಯಲ್ಲಿ ಎಷ್ಟು ಜನ, ಸಣ್ಣವರೆಷ್ಟು, ಓದಲು ಬರುವವರು ಯಾರು, ಗಂಡ ದುಡಿಯುವುದು ಲಾರಿ ಮೇಲೋ ಗಣಿಯ ಮಷಿನ್ ಮೇಲೋ ಎಂದೆಲ್ಲ ವಿಚಾರಿಸಿ, ಕೈ ಹಾಕಿ ಒಂದು ಪುಸ್ತಕ ಎಳೆದು ಕೊಡುತ್ತಿದ್ದ.

“ಇದನ್ನ ಉಂಡಮ್ಯಾಲ ಎಲ್ಲಾರೂ ಕುಂತು ಓದ್ರಿ,” ಎನ್ನುತ್ತಿದ್ದ. “ನಲವತ್ತನೇ ಪೇಜಿಗೆ ನೀರಿನ ಚೊಂಬು ಬಾಜೂಕ ಇಟ್ಕೊಳ್ರಿ. ನಕ್ಕು ನಕ್ಕು ಗಂಟಲ ಒಣಗತೈತಿ. ಹೋದ ವರ್ಷ ಒಬ್ಬಾಕಿ ನೀರು ಇಟ್ಕೊಳ್ಳಲಿಲ್ಲ, ಸಂಡೂರು ದವಾಖಾನಿಗೆ ಒಯ್ಯಬೇಕಾತು.”

ನಲವತ್ತನೇ ಪುಟದಲ್ಲಿ ನಗು ಬರಲಿಲ್ಲವೆಂದು ಯಾರಾದರೂ ವಾಪಸು ಬಂದು ಹೇಳಿದರೆ, “ಜಲ್ದಿ ಓದಿರ್ತೀರಿ, ಸಾವಕಾಶ ಓದ್ರಿ,” ಎಂದು ಅದೇ ಪುಸ್ತಕವನ್ನು ಇನ್ನೊಂದು ವಾರಕ್ಕೆ ಬರೆದುಕೊಡುತ್ತಿದ್ದ. ಆದರೆ ಪುಸ್ತಕ ಚೆನ್ನಾಗಿಲ್ಲ ಎಂದು ದೂರಿದವರು ಒಬ್ಬರೂ ಇರಲಿಲ್ಲ. ಬಡಾಯಿ ಬೇರೆ, ಆಯ್ಕೆ ಬೇರೆ. ಅವನ ಆಯ್ಕೆ ತಪ್ಪುತ್ತಿರಲಿಲ್ಲ.

ಗುಟ್ಟು ಇಷ್ಟೇ. ಆ ಊರಿನಲ್ಲಿ ಎಷ್ಟು ಸೋಪು ತಿಕ್ಕಿ ಕೈ ತೊಳೆದರೂ ಬೆರಳ ತುದಿಯಲ್ಲಿ ಅದಿರಿನ ಕೆಂಪು ಉಳಿಯುತ್ತಿತ್ತು. ಪುಟ ತಿರುವಿದವರ ಗುರುತು ಪುಟದ ಅಂಚಿಗೆ ಹತ್ತುತ್ತಿತ್ತು. ವಾಪಸು ಬಂದ ಪುಸ್ತಕವನ್ನು ಹಾಲಸ್ವಾಮಿ ಮುಚ್ಚಿ ಹಿಡಿದು, ಅಂಚನ್ನು ಕಿಟಕಿಯ ಬೆಳಕಿಗೆ ತಿರುಗಿಸುತ್ತಿದ್ದ. ಕೆಂಪು ಮೊದಲ ಇಪ್ಪತ್ತು ಪುಟಕ್ಕೇ ನಿಂತುಹೋಗಿದ್ದರೆ ಆ ಪುಸ್ತಕ ಮೇಲಿನ ಖಾನೆಗೆ, ಹಲ್ಲಿಗಳ ಜೊತೆಗೆ. ಕೊನೆಯವರೆಗೂ ಹರಿದಿದ್ದರೆ ಕೈಗೆಟುಕುವ ಖಾನೆಗೆ. ಸಣ್ಣ ಬೆರಳಿನ ಗುರುತಿದ್ದರೆ ಮಕ್ಕಳಿಗೆ. ಸಣ್ಣ ಬೆರಳು, ದೊಡ್ಡ ಬೆರಳು ಎರಡೂ ಇದ್ದರೆ ಮನೆಮಂದಿಗೆಲ್ಲ. ಒಳಗೆ ಏನಿದೆ ಎಂದು ನೋಡುವ ತೊಂದರೆಯನ್ನು ಅವನು ತೆಗೆದುಕೊಂಡಿರಲಿಲ್ಲ.

ಏಪ್ರಿಲ್ ಎರಡನೇ ವಾರ ಪಂಚಾಯಿತಿ ಅಧ್ಯಕ್ಷ ಗವಿಸಿದ್ದಪ್ಪ ಲೈಬ್ರರಿಯ ಬಾಗಿಲಲ್ಲಿ ಬಂದು ನಿಂತ. ಹೊಸ ಬಿಳಿ ಅಂಗಿ, ಕಾಲರ್ ಮಾತ್ರ ಆಗಲೇ ಇಟ್ಟಿಗೆ ಬಣ್ಣ.

“ಸ್ವಾಮ್ಯಾರ, ಟ್ರಾನ್ಸ್‌ಪೋರ್ಟ್‌ನವರು ಆಫೀಸಿಗೆ ಈ ರೂಮು ಕೇಳಾಕ ಹತ್ಯಾರ. ನೋಡಿದ್ರ ಇಲ್ಲಿ ಓದೋರು ಯಾರೂ ಕಾಣವಲ್ರು.”

“ಏನಂತೀರಿ ಅಧ್ಯಕ್ಷರ! ಈ ಊರಾಗ ಮಂದಿ ಪುಸ್ತಕ ಓದ್ಲಾರದ ತುತ್ತು ಎತ್ತಂಗಿಲ್ಲ.”

“ನಾ ಬಂದಾಗೆಲ್ಲ ನೀ ಒಬ್ಬನ ಇರ್ತಿ. ಅದೂ ಮಲಗಿರ್ತಿ.”

“ಮಲಗೋದಲ್ರಿ ಅದು. ಓದಿದ್ದು ಅರಗಬೇಕಲ್ಲ? ಮಂದಿ ಒಯ್ದು ಮನ್ಯಾಗ ಓದ್ತಾರ. ಬೇಕಾದ್ರ ಪರೀಕ್ಷಾ ಮಾಡ್ರಿ. ನಾ ಕೊಟ್ಟ ಪುಸ್ತಕ ಓದಾಕ ಕುಂತ್ರ, ಬೆನ್ನಿಗೆ ಬೆಂಕಿ ಬಿದ್ರೂ ಒಬ್ಬರೂ ಎದ್ದು ಹೋಗಂಗಿಲ್ಲ.”

ಗವಿಸಿದ್ದಪ್ಪ ಮೀಸೆಯಲ್ಲೇ ನಕ್ಕ. “ಆತು. ಐತವಾರ ಸಂಜಿಕೆ ಇಲ್ಲೇ ಕಟ್ಟಿ ಮ್ಯಾಲ. ನಿಂದೊಂದು ಮಸ್ತ್ ಪುಸ್ತಕ ಓದಸು. ಮಂದಿ ಕುಂತ್ರ ರೂಮು ನಿಂದು. ಎದ್ದು ಹೋದ್ರ ಬೀಗದ ಕೈ ನಂದು.”

ಅಧ್ಯಕ್ಷ ಹೋದ ಮೇಲೆ ಹಾಲಸ್ವಾಮಿ ಬಹಳ ಹೊತ್ತು ಕುರ್ಚಿಯ ಕೈಯನ್ನು ಸವರುತ್ತ ಕುಳಿತ. ಕೋಣೆ ಹೋದರೆ ಪುಸ್ತಕಗಳು ಚೀಲಕ್ಕೆ, ಚೀಲಗಳು ಯಾವುದೋ ಗೋಡೌನಿಗೆ. ಅವನ ಸಣ್ಣ ಗೌರವಧನವೂ ಅವುಗಳ ಹಿಂದೆಯೇ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆ ಕುರ್ಚಿ ಬಿಟ್ಟರೆ ಅವನ ಮಾತನ್ನು ಜನ ಕೇಳುವ ಜಾಗ ಲೋಕದಲ್ಲಿ ಇನ್ನೊಂದಿರಲಿಲ್ಲ. ಹೆಂಡತಿ ಕೊಟ್ರಬಸಮ್ಮ ಮದುವೆಯಾದ ಎರಡನೇ ವಾರದಲ್ಲೇ ಕೇಳುವುದನ್ನು ನಿಲ್ಲಿಸಿದ್ದಳು.

ಅವನು ಎದ್ದು ಕೈಗೆಟುಕುವ ಖಾನೆಯ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದ. ಎಂಟುನೂರ ಹದಿನೇಳನೇ ನಂಬರಿನ ಪುಸ್ತಕದಷ್ಟು ಕೆಂಪಾದದ್ದು ಮತ್ತೊಂದಿರಲಿಲ್ಲ. ಮೂಲ ರಟ್ಟು ಹರಿದುಹೋಗಿ, ಹೊಸಪೇಟೆಯ ಬೈಂಡಿಂಗ್ ಅಂಗಡಿಯೊಂದರಲ್ಲಿ ಹೊಸ ರಟ್ಟು ಹಾಕಿಸಿಕೊಂಡು ಬಂದಿದ್ದ ಪುಸ್ತಕ. ಹೆಸರಿನ ಹಾಳೆ ಇರಲಿಲ್ಲ. ಅಂಚು ಮೊದಲಿನಿಂದ ಕೊನೆಯವರೆಗೆ ಕೆಂಪು. ಹಿಂದಿನ ಅರ್ಧವಂತೂ ಸುಟ್ಟ ಇಟ್ಟಿಗೆ. ಸಣ್ಣ ಬೆರಳೂ ಇತ್ತು, ದೊಡ್ಡ ಬೆರಳೂ ಇತ್ತು. ರಿಜಿಸ್ಟರ್ ನೋಡಿದರೆ, ಎಮ್ಮೆ ಕಟ್ಟಿ ಹಾಲು ಮಾರುವ ಊರಮ್ಮ ಒಬ್ಬಳೇ ಅದನ್ನು ಐದು ಸಲ ಒಯ್ದಿದ್ದಳು. ಮೊದಲ ಪುಟ ತೆರೆದ. ಒಬ್ಬ ರಾಜ, ಅವನಿಗೆ ಏಳು ಜನ ಹೆಣ್ಣುಮಕ್ಕಳು. ಸಾಕು ಎಂದು ಮುಚ್ಚಿದ.

ಶನಿವಾರದೊಳಗೆ ಇಡೀ ಊರಿಗೆ ಹಾಲಸ್ವಾಮಿಯ ಡಂಗುರ ಮುಟ್ಟಿತ್ತು. ಈ ಕಥೆ ಕೇಳಿ ಕಂಪ್ಲಿಯಲ್ಲಿ ಒಬ್ಬ ಕಲ್ಲುಮನಸ್ಸಿನ ಸಾಹುಕಾರ ಮೂರು ದಿನ ಅತ್ತಿದ್ದನಂತೆ. ಬುಕ್ಕಸಾಗರದಲ್ಲಿ ಜಗಳವಾಡಿದ ಅತ್ತೆ ಸೊಸೆ ಒಂದೇ ತಾಟಿನಲ್ಲಿ ಉಂಡರಂತೆ.

ಭಾನುವಾರ ಸಂಜೆ ಲೈಬ್ರರಿಯ ಮುಂದಿನ ಕಟ್ಟೆಯ ಮೇಲೂ ಕೆಳಗೂ ನಲವತ್ತು ಜನ ಸೇರಿದರು. ಗವಿಸಿದ್ದಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ. ಓದಲು ಏಳನೇ ಕ್ಲಾಸಿನ ಪೂಜಿತಾ. ಅವಳ ಗಂಟಲಿಗೆ ಲಾರಿಯ ಹಾರ್ನ್ ಕೂಡ ಸೋಲುತ್ತಿತ್ತು. ಕಥೆಯಲ್ಲಿ ಆರು ಜನ ರಾಜಕುಮಾರಿಯರು ಅರಮನೆಯಲ್ಲೇ ಉಳಿದರು, ಏಳನೆಯವಳು ಒಬ್ಬಳೇ ಕಾಡಿಗೆ ಹೊರಟಳು. ಸಂಜೆಯಾಯಿತು. ಎದುರಿಗೆ ಹುಲಿ ಬಂದು ನಿಂತಿತು. ಮುಂದೆ ಕುಳಿತ ಮಕ್ಕಳು ತಾಯಂದಿರ ಸೆರಗು ಹಿಡಿದರು. ಹಾಲಸ್ವಾಮಿ ಅಧ್ಯಕ್ಷನ ಕಡೆ ನೋಡಿ ಹುಬ್ಬು ಹಾರಿಸಿದ. ಪೂಜಿತಾ ಪುಟ ತಿರುವಿದಳು.

“ಕಾಲುಬಾಯಿ ಜ್ವರ ಕಂಡುಬಂದ ಎಮ್ಮೆಯನ್ನು ಉಳಿದ ದನಗಳಿಂದ ಬೇರ್ಪಡಿಸಿ ಕಟ್ಟತಕ್ಕದ್ದು.”

ಅವಳು ನಿಲ್ಲಿಸಿದಳು. ಹಿಂದಿನ ಪುಟ ನೋಡಿದಳು, ಮುಂದಿನದನ್ನು ನೋಡಿದಳು.

“ಮಾಮಾ, ಹುಲಿ ಎಲ್ಲಿ ಹೋತು? ಇಲ್ಲಿ ಎಮ್ಮಿ ಬಂದೈತಿ.”

ಬೈಂಡಿಂಗ್ ಅಂಗಡಿಯವನು ಎರಡು ಹರಿದ ಪುಸ್ತಕಗಳನ್ನು ಒಂದೇ ರಟ್ಟಿನಲ್ಲಿ ಹೊಲಿದು ಕಳಿಸಿದ್ದ. ಹಾಲಸ್ವಾಮಿಗೆ ಅದು ಆ ಕ್ಷಣದಲ್ಲೇ ಹೊಳೆಯಿತು. ಬಾಯಿ ಮಾತ್ರ ಅದಕ್ಕೂ ಮೊದಲೇ ಓಡಿತ್ತು.

“ಅದ ನೋಡು ಮಜಾ! ಹುಲಿಗೆ ಋಷಿ ಶಾಪ ಕೊಟ್ಟಾನ, ಎಮ್ಮಿ ಆಗೇತಿ. ಓದು, ಓದು.”

“ಬಾಯಿಯ ಹುಣ್ಣುಗಳನ್ನು ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಿಂದ ದಿನಕ್ಕೆ ಎರಡು ಸಲ ತೊಳೆಯತಕ್ಕದ್ದು.”

“ರಾಜಕುಮಾರಿ ವೈದ್ಯ ಕಲ್ತಾಕಿ,” ಎಂದ ಹಾಲಸ್ವಾಮಿ. ದನಿ ಸ್ವಲ್ಪ ಸಣ್ಣಗಾಗಿತ್ತು.

ಹಿಂದಿನ ಸಾಲಿನಿಂದ ಊರಮ್ಮ ಎದ್ದು ನಿಂತಳು. “ಓದವ್ವ, ನಿಲ್ಲಿಸಬ್ಯಾಡ. ಮುಂದ ಹೊಟ್ಟಿ ಉಬ್ಬರದ್ದು ಬರತೈತಿ, ಅದು ಭಾಳ ಚಲೋ ಐತಿ.”

“ನಿನಗ್ಹೆಂಗ ಗೊತ್ತಬೇ?” ಎಂದ ಗವಿಸಿದ್ದಪ್ಪ.

“ಐದು ಸಲ ಒಯ್ದೀನಲ್ರಿ. ಮೊಮ್ಮಗಳು ಮೊದ್ಲು ತನ್ನ ರಾಜಂದು ಓದ್ಕೊಂತಾಳ, ಆಮ್ಯಾಲ ನನ್ನ ಎಮ್ಮೀದು ಓದಸ್ತೀನಿ. ಹೋದ ಮಳಿಗಾಲ ನನ್ನ ಎಮ್ಮಿ ಉಳಿದಿದ್ದು ಇದರಿಂದ. ಮನಿಮಂದಿಗೆಲ್ಲ ಅಂತ ಹೇಳೇ ಕೊಟ್ಟಿದ್ರು ಸ್ವಾಮ್ಯಾರು. ಖರೇನ ಆತು.”

ಕಟ್ಟೆಯ ಮೇಲೆ ನಗು ಎದ್ದಿತು. ಜನ ಏಳಲಿಲ್ಲ. ದನ ಕಟ್ಟಿದವರು ಮುಂದಕ್ಕೆ ಸರಿದು ಕುಳಿತರು. “ಹೊಟ್ಟಿ ಉಬ್ರಕ್ಕ ಏನು ಬರದಾರ, ಗಟ್ಟಿ ಓದು ಪೂಜಿತಾ,” ಎಂದು ಯಾರೋ ಕೂಗಿದರು. ಆಮೇಲೆ ಹುಲಿಯದ್ದೇನಾಯಿತು ಎಂದು ಸಣ್ಣ ಹುಡುಗಿಯೊಬ್ಬಳು ಅಳಲು ಶುರುಮಾಡಿದಳು.

ಗವಿಸಿದ್ದಪ್ಪ ಕೈ ಎತ್ತಿದ. “ತಡೀರಿ. ಸ್ವಾಮ್ಯಾರ, ಮೂರು ಸಲ ಓದೀನಿ ಅಂದ್ಯಲ್ಲ. ಇದರಾಗ ಎಮ್ಮಿ ಇದ್ದಿದ್ದು ಗೊತ್ತಿದ್ದಿಲ್ಲೇನು?”

“ಗೊತ್ತಿತ್ರಿ. ಮಂದಿಗೆ ಮಜಾ ಬರಲಿ ಅಂತ ಹೇಳಿದ್ದಿಲ್ಲ.”

“ಹಂಗಾರ ಕೊನೀ ಪೇಜಿನಾಗ ಏನೈತಿ, ಹೇಳು.”

“ಮದುವಿ,” ಎಂದ ಹಾಲಸ್ವಾಮಿ. “ರಾಜಕುಮಾರಿದು. ಭಾಳ ದೊಡ್ಡ ಮದುವಿ. ಹತ್ತು ಸಾವಿರ ಎಲಿ ಬಿದ್ದಾವು.”

ಪೂಜಿತಾ ಕೊನೆಯ ಪುಟ ತೆಗೆದು ಎಲ್ಲರಿಗೂ ಕೇಳುವಂತೆ ಓದಿದಳು. “ಜಂತುಹುಳುವಿನ ಔಷಧಿಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಸತಕ್ಕದ್ದು.”

ಈ ಸಲ ನಗು ಬೇಗ ನಿಲ್ಲಲಿಲ್ಲ. ಹಾಲಸ್ವಾಮಿ ಕಾದ. ಬಾಯಿಗೆ ಇನ್ನೂ ಎರಡು ಮೂರು ಸುಳ್ಳು ಬಂದಿದ್ದವು, ಆದರೆ ಯಾವುದೂ ಜಂತುಹುಳುವನ್ನು ದಾಟುವಂತಿರಲಿಲ್ಲ. ಅವನು ಪುಸ್ತಕವನ್ನು ಪೂಜಿತಾಳ ಕೈಯಿಂದ ತೆಗೆದುಕೊಂಡು, ಮುಚ್ಚಿ, ಅಂಚನ್ನು ಅಧ್ಯಕ್ಷನ ಕಣ್ಣ ಮುಂದೆ ಹಿಡಿದ.

“ನಾ ಇದನ್ನ ನೋಡಿ ಕೊಡ್ತಿದ್ದೆ ಅಧ್ಯಕ್ಷರ. ಒಳಗ ನೋಡಿಲ್ಲ. ಮಂದಿ ಬೆರಳು ಎಲ್ಲಿ ಮಟ ಹೋಗ್ಯಾವೋ ಅದನ್ನ ನೋಡಿ ಚಲೋದು ಯಾವುದು ಅಂತ ತಿಳ್ಕೊಂತಿದ್ದೆ.”

ಗವಿಸಿದ್ದಪ್ಪ ಅಂಚನ್ನು ನೋಡಿದ. ಎದ್ದು ಒಳಗೆ ಹೋದ. ಖಾನೆಯಿಂದ ಒಂದು ಪುಸ್ತಕ ತೆಗೆದ, ಇಟ್ಟ, ಇನ್ನೊಂದು ತೆಗೆದ. ಹತ್ತು ಹದಿನೈದು ನೋಡಿದ ಮೇಲೆ ತನ್ನದೇ ಹೆಬ್ಬೆರಳನ್ನು ಒಂದು ಗುರುತಿನ ಪಕ್ಕಕ್ಕೆ ಇಟ್ಟು ನೋಡಿದ. ಹೊರಗೆ ಬಂದಾಗ ಮುಖದಲ್ಲಿ ನಗುವಿರಲಿಲ್ಲ.

“ಕೆಳಗಿನ ಖಾನೆ ಪೂರ್ತಿ ಕೆಂಪೈತಿ,” ಎಂದ. “ಇಷ್ಟು ಮಂದಿ ಕೈ ಹತ್ತಿದ್ದನ್ನ ನಾ ಎತ್ತಿ ಹೊರಗ ಹಾಕಿದ್ರ, ಎಲೆಕ್ಷನ್‌ನಾಗ ಅದ ಕೈ ನನ್ನ ಎತ್ತಿ ಹೊರಗ ಹಾಕ್ತಾವು. ಟ್ರಾನ್ಸ್‌ಪೋರ್ಟ್‌ನವರು ಬ್ಯಾರೆ ರೂಮು ನೋಡ್ಕೊಳ್ಲಿ.” ಆಮೇಲೆ ಕುರ್ಚಿಯಲ್ಲಿ ಕುಳಿತು, ಕಾಲ ಮೇಲೆ ಕಾಲು ಹಾಕಿದ. “ಈಗ ಎಲ್ಲಾರ ಮುಂದ ಖರೆ ಹೇಳು. ಇಲ್ಲೀಮಟ ಎಷ್ಟು ಪುಸ್ತಕ ಓದೀದಿ?”

“ಐನೂರು,” ಎಂದ ಹಾಲಸ್ವಾಮಿ.

ಗವಿಸಿದ್ದಪ್ಪ ಪುಸ್ತಕದ ಅಂಚಿನ ಕಡೆ ಬೆರಳು ತೋರಿಸಿದ.

“ಐವತ್ತು.”

ಹೆಂಗಸರ ನಡುವಿನಿಂದ ಕೊಟ್ರಬಸಮ್ಮ ಕೆಮ್ಮಿದಳು.

“ಒಂದು ಅಧ್ಯಕ್ಷರ. ಅದೂ ಅರ್ಧ. ಯಾವುದು ಹಿಡದ್ರೂ ಮೂರನೇ ಪೇಜಿಗೆ ನನಗ ನಿದ್ದಿ ಹತ್ತತೈತ್ರಿ, ಒಂಬತ್ತು ವರ್ಷದಿಂದ ಹಿಂಗ.”